ಹಿಮದೂರಿನಲ್ಲಿ ಎಳ್ಳು ಬೀರುವುದು

ಅಮೆರಿಕದಲ್ಲಿ ಸಂಕ್ರಾಂತಿ ಎಳ್ಳಿನ ಮಾತು ಬಂದರೆ ಎಲ್ಲರ ಕೊರಗೂ ಬಿಸಿಲಿನದ್ದೇ. ಮೈಸೂರು ಕಡೆ ಡಿಸೆಂಬರ್ ಕೊನೆಗೆ ಹೆಚ್ಚಿದ ಕೊಬ್ಬರಿ, ಬೆಲ್ಲ ಮೊರದಲ್ಲಿ ತಾರಸಿ ಹತ್ತುತ್ತವೆ, ಕಾಗೆ ಓಡಿಸಲು ಪಕ್ಕದಲ್ಲಿ ಒಂದು ಮಗುವೂ ಕೂರುತ್ತದೆ. ನ್ಯೂಜೆರ್ಸಿಯಲ್ಲೋ ಷಿಕಾಗೋದಲ್ಲೋ ಅದೇ ಹೊತ್ತಿಗೆ ಬಾಲ್ಕನಿ ತುಂಬ ಹಿಮ. ಆದರೂ ಅಲ್ಲಿ ಎಳ್ಳು ಕೆಟ್ಟಾಗ ಕಾರಣ ಹುಡುಕಿದರೆ ಬಿಸಿಲಿಗಿಂತ ನೀರೇ ಸಿಕ್ಕಿಬೀಳುತ್ತದೆ. ಹೀಟರ್ ಓಡುವ ಮನೆಯೊಳಗಿನ ಗಾಳಿ ಜನವರಿಯಲ್ಲಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಆ ಗಾಳಿಯನ್ನೇ ಬಿಸಿಲೆಂದು ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮಕ್ಕಳ ಹತ್ತಿರ ಇರೋಣವೆಂದು ಗ್ರೀನ್ ಕಾರ್ಡ್ ಮೇಲೆ ಬಂದು, ಮಗಳ ಮನೆಗೆ ಹತ್ತು ನಿಮಿಷದ ದೂರದಲ್ಲಿ ಪುಟ್ಟ ಅಪಾರ್ಟ್‌ಮೆಂಟ್ ಹಿಡಿದು, ಅಂಗಡಿಯಲ್ಲೋ ಡೇಕೇರ್‌ನಲ್ಲೋ ಕೆಲಸಕ್ಕೆ ಸೇರಿದ ಅಪ್ಪ-ಅಮ್ಮಂದಿರಿಗೆ ಮೊದಲು ಎದುರಾಗುವುದು ರಜೆಯ ಲೆಕ್ಕ. ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಲ್ಲಿಲ್ಲ, ಹೊಸದಾಗಿ ಸೇರಿದವರ ಖಾತೆಯಲ್ಲಿ ರಜೆಯೂ ಇರುವುದಿಲ್ಲ. 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ 1964ರ ನಾಗರಿಕ ಹಕ್ಕು ಕಾಯ್ದೆಯ ಅಡಿ ಧಾರ್ಮಿಕ ಕಾರಣಕ್ಕೆ ಪಾಳಿ ಬದಲಿಸಿಕೊಡಿ ಎಂದು ಕೇಳಬಹುದು. ಕೇಳುವುದಾದರೆ ಜನವರಿ ಪಾಳಿಪಟ್ಟಿ ಬರುವ ಮೊದಲೇ, ಬರಹದಲ್ಲೇ ಕೇಳಬೇಕು. ಹಿಂದಿನ ದಿನ ಬಾಯಲ್ಲಿ ಹೇಳಿದರೆ ಆಗುವ ಕೆಲಸವಲ್ಲ.

ದಿನ ಯಾವುದು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಊರಿನ ಕ್ಯಾಲೆಂಡರ್‌ನ ತಾರೀಖು ಅಲ್ಲಿಗೆ ಹಾಗೇ ಒಪ್ಪುವುದಿಲ್ಲ. ಜನವರಿಯಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾ ಹದಿಮೂರೂವರೆ ಗಂಟೆ ಹಿಂದೆ. 2024ರಲ್ಲಿ ಸಂಕ್ರಮಣ ಭಾರತದಲ್ಲಿ 15ರ ನಸುಕಿಗೂ ಮುಂಚೆ, ಮೂರು ಗಂಟೆಯ ಹತ್ತಿರ ಬಂತು. ನ್ಯೂಯಾರ್ಕ್ ಗಡಿಯಾರದಲ್ಲಿ ಅದು 14ರ ಭಾನುವಾರ ಸಂಜೆ, ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು. ಅಲ್ಲಿನ ದೇವಸ್ಥಾನಗಳು ತಮ್ಮ ಊರಿನ ಸಮಯಕ್ಕೆ ಗುಣಿಸಿದ ಪಂಚಾಂಗ ಹಾಕುತ್ತವೆ, ಅದನ್ನೇ ನಂಬುವುದು ಮೇಲು. ಇನ್ನು ಎಳ್ಳು ಬೀರುವುದಕ್ಕೆ ಅವತ್ತೇ ಆಗಬೇಕೆಂಬ ಹಟ ಬೇಡ, ರಥಸಪ್ತಮಿಯವರೆಗೂ ಬೀರುವ ರೂಢಿ ನಮ್ಮಲ್ಲೇ ಇದೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಸಂಕ್ರಾಂತಿಗೆ ಅಂಟಿಕೊಂಡೇ ಬರುತ್ತದೆ. ಹಬ್ಬದ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಪೂಜೆ, ಹುಗ್ಗಿ. ಮನೆಮನೆಗೆ ಹೋಗುವುದು ಆ ಮೂರು ದಿನದ ರಜೆಯಲ್ಲಿ.

ಅಳತೆಗೆ ಬರೋಣ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ 4 ಕಪ್, ಬಿಳಿ ಎಳ್ಳು ಒಂದೂವರೆ ಕಪ್. ಒಟ್ಟು ಸುಮಾರು ಎರಡೂಕಾಲು ಕಿಲೋ ಆಗುತ್ತದೆ, 75 ಗ್ರಾಂನ 30 ಪೊಟ್ಟಣ. ಇದಕ್ಕಿಂತ ಎಳ್ಳು ಜಾಸ್ತಿ ಹಾಕಿದರೆ ಅದೆಲ್ಲ ತಳಕ್ಕಿಳಿದು, ಕೊನೆಯ ಪೊಟ್ಟಣ ಸಿಕ್ಕವರಿಗೆ ಬರೀ ಎಳ್ಳು. ಹುರಿಗಡಲೆ ಕೊಳ್ಳುವಾಗ ಹೆಸರಿನ ಗೊಂದಲವೊಂದಿದೆ. ಗುಜರಾತಿ ಅಂಗಡಿಗಳಲ್ಲಿ ಅದು ದಾಳಿಯಾ, ಪಕ್ಕದಲ್ಲೇ ಇರುವ ದಲಿಯಾ ಗೋಧಿ ನುಚ್ಚು. ಪೊಟ್ಟಣದ ಒಳಗೆ ನೋಡಿ ತನ್ನಿ. ಊರಿಂದ ಬರುವಾಗ ಕಡಲೆಕಾಳು, ಅಕ್ಕಿ ಹೊತ್ತು ತರಬೇಡಿ. ಖಾಪ್ರಾ ಎಂಬ ಧಾನ್ಯದ ಹುಳುವಿನ ಭಯಕ್ಕೆ ಭಾರತದ ಪ್ರಯಾಣಿಕರು ಅವನ್ನು ಒಯ್ಯುವುದನ್ನು ಅಮೆರಿಕ ತಡೆದಿದೆ. ತರಬೇಕಾದ್ದು ಎರಡೇ: ಅಡಕತ್ತರಿ ಮತ್ತು ಸಕ್ಕರೆ ಅಚ್ಚಿನ ಮರದ ಮಣೆಗಳು. ಕತ್ತರಿ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ. ಮಣೆಗಳನ್ನು ತೊಳೆದು ಒಣಗಿಸಿ, ಹುಳು ಕೊರೆದ ತೂತು ಇಲ್ಲವೆಂದು ನೋಡಿಕೊಂಡು, ಕಸ್ಟಮ್ಸ್‌ನಲ್ಲಿ ಹೇಳಿಯೇ ತನ್ನಿ.

ಕೊಬ್ಬರಿ ಗಿಟುಕು ಅಂಗಡಿಯಲ್ಲಿ ಎಷ್ಟು ಕಾಲದಿಂದ ಕೂತಿದೆಯೋ ಹೇಳಲಾಗದು. ಒಳಮೈ ಹಳದಿಗೆ ತಿರುಗಿದ್ದರೆ, ಕಮಟು ವಾಸನೆ ಬಂದರೆ ಬಿಟ್ಟುಬಿಡಿ. ಅಂಥ ಒಂದು ಹೋಳು ಸಾಕು, ಡಬ್ಬಿಯ ಎಳ್ಳೆಲ್ಲ ಅದೇ ವಾಸನೆ. ಕಂದು ಸಿಪ್ಪೆಯನ್ನು ತುರಿಮಣೆಯಲ್ಲಿ ಉಜ್ಜಿ ತೆಗೆದು, ತೆಳ್ಳಗೆ ಸೀಳಿ, ಕಡಲೆ ಗಾತ್ರಕ್ಕೆ ಹೆಚ್ಚಬೇಕು. ಬೆಲ್ಲಕ್ಕೆ ಗಟ್ಟಿ ಅಚ್ಚುಬೆಲ್ಲವೇ ಆಗಬೇಕು. ಅಲ್ಲಿ ಸುಲಭವಾಗಿ ಸಿಗುವ ಹಳದಿ ಮೆತ್ತನೆ ಬೆಲ್ಲ ಕತ್ತರಿ ತಾಗಿದರೆ ಪುಡಿಯಾಗುತ್ತದೆ, ಅದು ಪಾಯಸಕ್ಕೆ ಸರಿ. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸಿ ಜರಡಿ ಹಿಡಿದರೆ ಪುಡಿ ಕೆಳಗೆ, ಹರಳು ಮೇಲೆ. ಆ ಪುಡಿಯನ್ನು ಎಳ್ಳಿಗೆ ಸೇರಿಸಬೇಡಿ, ಮೊದಲು ನೀರೊಡೆಯುವುದೇ ಅದು.

ಒಣಗಿಸುವುದಕ್ಕೆ ದೊಡ್ಡ ತಟ್ಟೆಗಳಲ್ಲಿ ಒಂದೇ ಪದರ ಹರಡಿ, ತೆಳು ಬಟ್ಟೆ ಮುಚ್ಚಿ, ಬಿಸಿಗಾಳಿ ಬರುವ ಕಿಂಡಿಯಿಂದ ಎರಡು ಮೂರು ಅಡಿ ದೂರ ಇಟ್ಟರೆ ಎರಡು ಮೂರು ದಿನದಲ್ಲಿ ಬೆಲ್ಲದ ಹರಳು ಒಂದಕ್ಕೊಂದು ತಾಗಿ ಕಲ್ಲಿನಂತೆ ಸದ್ದು ಮಾಡುತ್ತದೆ. ಎಡವಟ್ಟಾಗುವುದು ಗಾಳಿಗೆ ತೇವ ಬಿಡುವ ಹ್ಯೂಮಿಡಿಫೈಯರ್‌ನಿಂದ. ಮೂಗು ಒಣಗುತ್ತದೆಂದು ಹಿರಿಯರ ಕೋಣೆಯಲ್ಲಿ ಅದು ರಾತ್ರಿಯಿಡೀ ಓಡುತ್ತದೆ, ಬೆಲ್ಲದ ತಟ್ಟೆಯೂ ಬೆಕ್ಕಿಗೆ, ಮೊಮ್ಮಕ್ಕಳಿಗೆ ಸಿಗದಿರಲೆಂದು ಅದೇ ಕೋಣೆಗೆ ಬರುತ್ತದೆ. ಬೆಳಿಗ್ಗೆ ನೋಡಿದರೆ ಜಿಗಿ ಜಿಗಿ. ಬೆಲ್ಲದಲ್ಲಿ ಸಕ್ಕರೆಯ ಜೊತೆ ಗ್ಲೂಕೋಸ್, ಫ್ರಕ್ಟೋಸ್ ಇರುವುದರಿಂದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅನ್ನ ಬೇಯುವ ಅಡುಗೆಮನೆಯೂ ಆಗದು. ಅವಸರಕ್ಕೆ ಅವನ್‌ನಲ್ಲಿಟ್ಟವರೂ ಕೈಸುಟ್ಟುಕೊಂಡಿದ್ದಾರೆ. ಅಲ್ಲಿನ ಅವನ್‌ಗಳ ಕನಿಷ್ಠ ಕಾವು ಸಾಮಾನ್ಯವಾಗಿ 170 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 77 ಸೆಲ್ಸಿಯಸ್. ಆ ಕಾವಿಗೆ ಬೆಲ್ಲ ಮೆತ್ತಗಾಗಿ ತಟ್ಟೆ ಹಿಡಿಯುತ್ತದೆ, ಕೊಬ್ಬರಿ ಎಣ್ಣೆ ಬಿಡುತ್ತದೆ. ಬೇಕೇ ಬೇಕಾದರೆ ಅವನ್ ಕಾಯಿಸಿ ಆರಿಸಿ, ಕೈ ಇಡುವಷ್ಟು ತಣಿದ ಮೇಲೆ ಕೊಬ್ಬರಿಯನ್ನಷ್ಟೇ ಇಡಬಹುದು.

ಕಡಲೆಕಾಯಿ ಬೀಜಕ್ಕೆ ಮಾತ್ರ ಅವನ್ ಬಾಣಲೆಗಿಂತ ಚೆನ್ನ. 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ, ನಡುವೆ ಎರಡು ಸಲ ಕೈಯಾಡಿಸಿ. ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದರೆ ಸಾಕು, ಬಣ್ಣ ಬಂದರೆ ಕಹಿ. ಗಾಜಿನ ಮೇಲ್ಮೈಯ ಎಲೆಕ್ಟ್ರಿಕ್ ಒಲೆ ಆರಿಸಿದ ಮೇಲೂ ಕಾವು ಬಿಡುವುದಿಲ್ಲ, ಹಾಗಾಗಿ ಬಾಣಲೆಯಲ್ಲೇ ಬಿಡದೆ ತಕ್ಷಣ ತಟ್ಟೆಗೆ ಸುರಿಯಿರಿ. ಎಲ್ಲವೂ ಆರಿದ ಮೇಲೆ ಬೆರೆಸಿ, ಬೆಲ್ಲ ಕೊನೆಗೆ.

ಸಕ್ಕರೆ ಅಚ್ಚಿನಲ್ಲಿ ಸೋಲುವವರೇ ಹೆಚ್ಚು, ಅದರ ಕಷ್ಟವೂ ಪಾಕದ ಒಂದು ಕ್ಷಣದ್ದು. ಮರದ ಮಣೆಗಳನ್ನು ಎರಡು ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಬೇಕು. ಒಣ ಮರ ಪಾಕವನ್ನು ಕುಡಿಯುತ್ತದೆ, ಬಿಡಿಸುವಾಗ ಆನೆಯ ಸೊಂಡಿಲು ಮಣೆಯಲ್ಲೇ ಉಳಿಯುತ್ತದೆ. 2 ಕಪ್ ಸಕ್ಕರೆಗೆ 1 ಕಪ್ ನೀರು. ಕುದಿ ಬಂದಾಗ 2 ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿ. ಪುಡಿ ಸಕ್ಕರೆ ಬೇಡವೇ ಬೇಡ, ಅಲ್ಲಿನದರಲ್ಲಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ. ಸೋಸಿದ ಪಾಕದಲ್ಲಿ ಒಂದೊಂದೇ ಸೌಟು ಚಿಕ್ಕ ಬಾಣಲೆಗೆ ಹಾಕಿ 240 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಕಾಯಿಸಿ, ಕೆಳಗಿಳಿಸಿ, ಚಮಚದ ಬೆನ್ನಲ್ಲಿ ತಿಕ್ಕುತ್ತಾ ಬನ್ನಿ. ಕನ್ನಡಿಯಂತಿದ್ದ ಪಾಕ ಮೊದಲು ಅಂಚಿನಲ್ಲಿ ಮಬ್ಬಾಗುತ್ತದೆ, ಆಮೇಲೆ ಮಬ್ಬು ನಡುವಿಗೆ ಓಡಿ ಬರುತ್ತದೆ, ಚಮಚದಡಿ ಸಣ್ಣಗೆ ಕರಕರ ಅನ್ನುತ್ತದೆ. ಆಗಲೇ ಸುರಿಯಬೇಕು. ಎರಡು ಉಸಿರು ತಡವಾದರೆ ಬಾಣಲೆಯಲ್ಲೇ ಸಕ್ಕರೆಯಾಗಿ ಕೂರುತ್ತದೆ, ಬೇಗ ಸುರಿದರೆ ಅಚ್ಚಿನೊಳಗೆ ಅಂಟಾಗೇ ಉಳಿಯುತ್ತದೆ. ಬೆಳ್ಳಗಾಗಲಿ ಎಂದು ನಿಂಬೆರಸ ಹಾಕುವವರು ನಾಲ್ಕು ಹನಿಯಲ್ಲಿ ನಿಲ್ಲಿಸಬೇಕು. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ. ಕೆಟ್ಟದ್ದನ್ನು ನೀರು ಹಾಕಿ ಮತ್ತೆ ಕಾಯಿಸಬಹುದು, ಎಸೆಯಬೇಕಿಲ್ಲ.

ಕಬ್ಬು ಮೆಕ್ಸಿಕನ್, ಚೀನೀ ಅಂಗಡಿಗಳಲ್ಲೂ ಸಿಗುತ್ತದೆ. ಹುಗ್ಗಿಗೆ ಅವರೆಕಾಳು ಬೇಕೆಂದರೆ ಫ್ರೀಜರ್‌ನಲ್ಲಿ ಸುರ್ತಿ ಪಾಪಡಿ ಲಿಲ್ವಾ ಹುಡುಕಿ, ತುವರ್ ಲಿಲ್ವಾ ತಂದರೆ ಅದು ಹಸಿ ತೊಗರಿ. ಮಗುವಿಗೆ ಕರಿ ಎರೆಯಲು, ಅಂದರೆ ತಲೆಯ ಮೇಲಿಂದ ಸುರಿಯಲು, ಎಲಚಿ ಹಣ್ಣು ಸಿಗದಿದ್ದರೆ ಚೀನೀ ಅಂಗಡಿಯ ಒಣ ಜುಜುಬೆ ಅದರದ್ದೇ ಸಂಬಂಧಿ. ಎರೆದದ್ದನ್ನು ಮಕ್ಕಳು ನೆಲದಿಂದ ಹೆಕ್ಕಿ ಬಾಯಿಗಿಡುತ್ತಾರೆ. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಕಬ್ಬಿನ ತುಂಡು, ನಾಣ್ಯ ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳು, ಅಲ್ಲಿ ಮಂಡಕ್ಕಿಯೇ ವಾಸಿ.

ಊರಲ್ಲಿ ಯಾರೂ ಯೋಚಿಸದ ಒಂದು ಮಾತು ಬೀರುವಾಗ ಬರುತ್ತದೆ. ಅಮೆರಿಕದ ಅಲರ್ಜಿ ಪಟ್ಟಿಯಲ್ಲಿ ಕಡಲೆಕಾಯಿ ಮೊದಲಿನಿಂದಲೂ ಇದೆ, 2023ರ ಜನವರಿ 1ರಿಂದ ಎಳ್ಳು ಒಂಬತ್ತನೆಯದಾಗಿ ಸೇರಿದೆ. ನಮ್ಮ ಎಳ್ಳಿನಲ್ಲಿ ಎರಡೂ ಇವೆ. ಮೊಮ್ಮಗುವಿನ ಚೀಲದಲ್ಲಿ ಹೇಳದೆ ಕೇಳದೆ ಪೊಟ್ಟಣ ಹಾಕಿ ಶಾಲೆಗೆ ಕಳಿಸುವುದು ಅಪಾಯದ ಕೆಲಸ, ಎಷ್ಟೋ ಶಾಲೆಗಳು ಕಡಲೆಬೀಜವನ್ನು ಒಳಗೇ ಬಿಡುವುದಿಲ್ಲ. ಕೆಲಸದ ಜಾಗಕ್ಕೆ ಒಯ್ದರೆ ಡಬ್ಬಿಯ ಮೇಲೆ ಏನೇನಿದೆ ಎಂದು ಬರೆದಿಡಿ. ಪಕ್ಕದ ಮನೆಯವರಿಗೆ ಸಕ್ಕರೆ ಅಚ್ಚು, ಬಾಳೆಹಣ್ಣು ಕೊಟ್ಟರಾಯಿತು ಅನ್ನಿಸುತ್ತದೆ, ಆದರೆ ಅಚ್ಚಿಗೆ ಹಾಲು ಹಾಕಿದ್ದೀರಿ, ಹಾಲೂ ಆ ಪಟ್ಟಿಯಲ್ಲಿದೆ. ಅವರಿಗಾಗಿ ಒಂದು ಸರದಿ ಬರೀ ನೀರು, ನಿಂಬೆಹನಿಯಲ್ಲಿ ಮಾಡಿಡಿ.

ಕೈರುಚಿ ನೋಡಿದವರು ಮುಂದಿನ ವರ್ಷ ದುಡ್ಡು ಕೊಡುತ್ತೇವೆ, ಮಾಡಿಕೊಡಿ ಅನ್ನುತ್ತಾರೆ. ಸಂದರ್ಶಕರ ವೀಸಾದಲ್ಲಿ ಬಂದ ಬೀಗಿತ್ತಿ ಸಹಾಯಕ್ಕೆ ಕೂತು ಪಾಲು ಪಡೆದರೆ ಅದು ಅನುಮತಿಯಿಲ್ಲದ ದುಡಿಮೆ, ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಇದ್ದವರು ದುಡಿಯಬಹುದು, ಆದರೆ ಮನೆಯಲ್ಲಿ ಮಾಡಿದ ತಿಂಡಿ ಮಾರುವ ನಿಯಮ ರಾಜ್ಯಕ್ಕೊಂದು ಥರ. ನ್ಯೂಜೆರ್ಸಿ ಅದಕ್ಕೆ ಪರವಾನಗಿ ಕೊಡಲು ಶುರುಮಾಡಿದ್ದೇ 2021ರ ಅಕ್ಟೋಬರ್‌ನಲ್ಲಿ.

ಕಾರಿನಲ್ಲಿ ಒಯ್ಯುವಾಗ ಡಬ್ಬಿ ಡಿಕ್ಕಿಯಲ್ಲಿ ಹಿಮದಷ್ಟು ತಣ್ಣಗಾಗಿರುತ್ತದೆ. ಬೆಚ್ಚಗಿನ ಮನೆಗೆ ಹೋದ ಕೂಡಲೇ ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು, ಎರಡು ಮೂರು ದಿನ ಒಣಗಿಸಿದ್ದು ಎರಡು ನಿಮಿಷಕ್ಕೆ ಹಾಳು. ಅರಿಸಿನ-ಕುಂಕುಮ, ಕಾಫಿ ಎಲ್ಲ ಮುಗಿಯಲಿ, ಡಬ್ಬಿ ಅಷ್ಟರಲ್ಲಿ ಮನೆಯ ಕಾವಿಗೆ ಬಂದಿರುತ್ತದೆ. ತಳದಿಂದ ಒಮ್ಮೆ ಕೆದಕಿ ಬಡಿಸಿ.