“ಬರೇ ಆಡಸ್ತೀರಿ, ಕಲಸೂದು ಯಾವಾಗ್ರಿ?”: ಅಂಗನವಾಡಿಯ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೀಗಾಗಿ ಕುಂದಗೋಳ, ನವಲಗುಂದ, ಕಲಘಟಗಿ ಎಲ್ಲಿಗೆ ಹೋದರೂ ತಾಯಂದಿರ ಸಭೆಯಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ: “ಅಕ್ಕಾರ, ನಮ್ಮ ಹುಡುಗ ಬರಾಕ ಹತ್ತಿ ವರ್ಷಾತು, ಇನ್ನಾ ಅ ಆ ಬರಿಯಾಕ ಬರೂದಿಲ್ಲ. ಬರೇ ಆಡಸ್ತೀರಿ, ಕಲಸೂದು ಯಾವಾಗ್ರಿ?” ವ್ಯಾನಿನಲ್ಲಿ ಕುಳಿತು ಹುಬ್ಬಳ್ಳಿಯ ಎಲ್‌ಕೆಜಿಗೆ ಹೋಗುವ ಬಾಜೂ ಮನೆಯ ಮಗು ನೂರರವರೆಗೆ ಗಡಗಡ ಎಣಿಸುವುದನ್ನು ಕೇಳಿದ ತಾಯಿಗೆ ಈ ಆತಂಕ ಸಹಜವೇ. ಸಭೆಯಲ್ಲಿ ಗಡಿಬಿಡಿಯಿಂದ ಹೇಳಿ ಮುಗಿಸುವ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಆಟದಲ್ಲಿ ಮಗು ಕಲಿಯುತ್ತದೆ ಎಂಬುದು ನಿಜ. ಆದರೆ ಆ ಆಟವನ್ನು ನೋಡುತ್ತ, ಮಾತನಾಡಿಸುತ್ತ, ಮುಂದಕ್ಕೆ ಒಯ್ಯುವ ಹಿರಿಯರೊಬ್ಬರು ಅಲ್ಲಿ ಇರಬೇಕು ಎಂಬುದೂ ಅಷ್ಟೇ ನಿಜ. ಮೊದಲನೆಯದನ್ನು ಪಾಲಕರು ಒಪ್ಪುವುದಿಲ್ಲ, ಎರಡನೆಯದನ್ನು ನಮ್ಮ ವ್ಯವಸ್ಥೆ ಮರೆಯುತ್ತದೆ.

ಆರು ವರ್ಷದೊಳಗಿನ ಮಕ್ಕಳಿಗೆ ಪುಸ್ತಕ ಬೇಡವೆಂಬುದು ಇಂದು ನಿನ್ನೆಯ ಮಾತಲ್ಲ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ 1816ರಲ್ಲಿ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆದಾಗ, ಸಣ್ಣವರಿಗೆ ಪುಸ್ತಕದ ಕಾಟ ಕೊಡಬಾರದು, ಸುತ್ತಲಿನ ವಸ್ತುಗಳನ್ನು ತೋರಿಸಿ ಮಾತನಾಡಿಸಬೇಕು ಎಂದು ಕಲಿಸುವವರಿಗೆ ತಾಕೀತು ಮಾಡಿದ್ದ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಫ್ರೀಡ್ರಿಖ್ ಫ್ರೋಬೆಲ್ ಇದಕ್ಕೊಂದು ಕ್ರಮವನ್ನೇ ಕಟ್ಟಿದ. ಮೊದಲು ಬಣ್ಣದ ಉಣ್ಣೆಯ ಚೆಂಡುಗಳು, ಆಮೇಲೆ ಕಟ್ಟಿಗೆಯ ಗುಂಡು, ಘನ, ಉರುಳೆ, ಅದರ ಮುಂದೆ ಬಿಡಿಸಿ ಜೋಡಿಸಬಹುದಾದ ತುಂಡುಗಳು. ಯಾವುದು ಉರುಳುತ್ತದೆ, ಯಾವುದು ನಿಲ್ಲುತ್ತದೆ, ಯಾವುದು ಎರಡನ್ನೂ ಮಾಡುತ್ತದೆ ಎಂದು ಮಗುವಿನ ಕೈ ತಿಳಿದ ಮೇಲೆ ಆಕಾರ, ಅಳತೆ, ಎಣಿಕೆ ಬುದ್ಧಿಗೆ ಹತ್ತುತ್ತವೆ ಎಂಬುದು ಅವನ ಲೆಕ್ಕಾಚಾರ. ಇಂಥ ನಿರುಪದ್ರವಿ ಶಾಲೆಗಳನ್ನು ಪ್ರಷ್ಯಾ ಸರ್ಕಾರ 1851ರಲ್ಲಿ ನಾಸ್ತಿಕತೆ ಹಬ್ಬಿಸುತ್ತವೆಂದು ನಿಷೇಧಿಸಿತು. ಮರುವರ್ಷವೇ ತೀರಿಕೊಂಡ ಫ್ರೋಬೆಲ್, 1860ರಲ್ಲಿ ಆ ನಿಷೇಧ ಎದ್ದುದನ್ನು ನೋಡಲಿಲ್ಲ.

ಆಟದ ಪಕ್ಷದವರು ಮಾರಿಯಾ ಮಾಂಟೆಸ್ಸರಿಯ ಹೆಸರನ್ನೂ ತಮ್ಮ ಸಾಲಿಗೆ ಸೇರಿಸಿಕೊಳ್ಳುವುದುಂಟು. ಅದು ಪೂರ್ತಿ ಸರಿಯಲ್ಲ. ವೈದ್ಯೆಯಾಗಿದ್ದ ಆಕೆ 1907ರ ಜನವರಿಯಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದ ಮಕ್ಕಳ ಮನೆಯಲ್ಲಿ ನಾಲ್ಕೈದು ವರ್ಷದವರು ಬರೆಯತೊಡಗಿದ್ದರು. ಆದರೆ ಅವರ ಕೈಗೆ ಮೊದಲು ಕೊಟ್ಟದ್ದು ಪೆನ್ಸಿಲ್ ಅಲ್ಲ, ಉಸುಕಿನ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಬೆರಳಿನಿಂದ ತಿದ್ದುತ್ತ, ಅದರ ಧ್ವನಿಯನ್ನು ಬಾಯಲ್ಲಿ ಹೇಳುತ್ತ ಅವರು ಅಕ್ಷರವನ್ನು ಮೈಗೂಡಿಸಿಕೊಂಡರು. ನಮ್ಮ ಐಗಳ ಶಾಲೆಗಳಲ್ಲಿ ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದುದನ್ನು ನೆನೆದರೆ, ಆ ಒಂದು ವಿಷಯದಲ್ಲಿ ಐಗಳು ಇಂದಿನ ಎಷ್ಟೋ ಎಲ್‌ಕೆಜಿಗಳಿಗಿಂತ ಜಾಣರಿದ್ದರು ಎನ್ನಬೇಕಾಗುತ್ತದೆ. ಅವರ ಬೆತ್ತದ ವಿಷಯ ಬೇರೆ.

ಮಾಂಟೆಸ್ಸರಿ ತಾನೇ ಭಾರತಕ್ಕೆ ಬಂದದ್ದು 1939ರಲ್ಲಿ. ಯುದ್ಧದ ಕಾರಣ 1946ರವರೆಗೆ ಇಲ್ಲಿಯೇ ಉಳಿಯಬೇಕಾಯಿತು. ಆದರೆ ಆಕೆಯ ವಿಚಾರಗಳು ಅದಕ್ಕಿಂತ ಮೊದಲೇ ಬಂದಿದ್ದವು. ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಆಗ ನಮ್ಮ ಧಾರವಾಡವೂ ಅದೇ ಮುಂಬಯಿ ಪ್ರಾಂತದಲ್ಲಿತ್ತು. ತುಟ್ಟಿಯಾದ ಮಾಂಟೆಸ್ಸರಿ ಸಾಮಾನುಗಳ ಬದಲು ಹಳ್ಳಿಯಲ್ಲಿಯೇ ಸಿಗುವ ಕಲ್ಲು, ಎಲೆ, ಬೀಜಗಳನ್ನು ಬಳಸಿದ್ದು, ಮಕ್ಕಳು ಬಾರದಿದ್ದರೆ ಅವರ ಅಂಗಳಕ್ಕೇ ಶಾಲೆಯನ್ನು ಒಯ್ದದ್ದು ತಾರಾಬಾಯಿ ಮತ್ತು ಅವರ ಜೊತೆಗಾರ್ತಿ ಅನುತಾಯಿ ವಾಘ್ ಅವರ ದೊಡ್ಡ ಕಾಣಿಕೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯನ್ನು ಊರೂರಿಗೆ ತಂದಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ.

ಇಷ್ಟಾಗಿಯೂ “ಆಟದಿಂದ ಏನು ಕಲಿಯುತ್ತಾರೆ” ಎಂಬುದಕ್ಕೆ ಉತ್ತರ ಬೇಕಷ್ಟೇ. ತರಬೇತಿಯಲ್ಲಿ ನಾನು ಒಂದು ಕೆಲಸ ಮಾಡಿಸುತ್ತೇನೆ. ನೂರರವರೆಗೆ ಎಣಿಸುವ ನಾಲ್ಕು ವರ್ಷದ ಮಗುವನ್ನು ಕರೆದು, ಗಜ್ಜುಗದ ಬುಟ್ಟಿ ಮುಂದಿಟ್ಟು, “ಐದು ಕೊಡವಾ” ಎಂದು ಕೇಳುವುದು. ಎಷ್ಟೋ ಮಕ್ಕಳು ಮುಷ್ಟಿ ತುಂಬ ಎತ್ತಿ ಕೊಟ್ಟು ನಮ್ಮ ಮುಖ ನೋಡುತ್ತಾರೆ. ಬಾಯಿಗೆ ನೂರು ಬಂದಿದೆ, ಕೈಗೆ ಐದು ಇನ್ನೂ ಬಂದಿಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತೋರಿಸಿಕೊಟ್ಟದ್ದು ಇದಕ್ಕೆ ಹತ್ತಿರದ ಸಂಗತಿಯನ್ನೇ. ಎರಡು ಲೋಟಗಳಲ್ಲಿ ಸಮನಾಗಿ ನೀರು ಹಾಕಿ, ಮಗುವಿನ ಕಣ್ಣೆದುರಿಗೇ ಒಂದರ ನೀರನ್ನು ಸಪೂರ ಬಾಟಲಿಗೆ ಸುರಿದರೆ, ಬಾಟಲಿಯಲ್ಲಿಯೇ ಹೆಚ್ಚು ನೀರಿದೆ ಎಂದು ನಾಲ್ಕು ವರ್ಷದ ಮಗು ಖಚಿತವಾಗಿ ಹೇಳುತ್ತದೆ. ಎರಡರಿಂದ ಸುಮಾರು ಏಳು ವರ್ಷದವರೆಗಿನ ಮಗುವಿನ ವಿಚಾರದ ರೀತಿಯೇ ಅದು. ಹೇಳಿಕೊಟ್ಟು ಬದಲಿಸುವಂಥದ್ದಲ್ಲ, ಸುರಿದು, ಅಳೆದು, ಮತ್ತೆ ಸುರಿದು ಮಗು ತಾನೇ ದಾಟಬೇಕಾದದ್ದು ಎಂಬುದು ಪಿಯಾಜೆಯ ನಿಲುವು.

ಪಿಯಾಜೆ ಹುಟ್ಟಿದ 1896ರಲ್ಲಿಯೇ ಹುಟ್ಟಿ, 1934ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲಿ ತೀರಿಕೊಂಡ ರಷ್ಯದ ಲೆವ್ ವೈಗೋಟ್ಸ್ಕಿ ಇದಕ್ಕೊಂದು ಮುಖ್ಯವಾದ ಮಾತನ್ನು ಸೇರಿಸಿದ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ಅಂತರವಿದೆ, ಕಲಿಕೆ ನಡೆಯುವುದು ಆ ಅಂತರದಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಯ ಮುಂದೆ ಅಂಗನವಾಡಿಯೊಂದರಲ್ಲಿ ಮಕ್ಕಳು ಎರೆಮಣ್ಣಿನಲ್ಲಿ ಎತ್ತು ಮಾಡುತ್ತಿದ್ದರು. ಒಬ್ಬನ ಎತ್ತು ನಿಲ್ಲದೆ ಒಂದೇ ಸವನೆ ಮಗ್ಗಲಿಗೆ ಬೀಳುತ್ತಿತ್ತು. ಕಾರ್ಯಕರ್ತೆ ತಾನು ತಿದ್ದಿಕೊಡಲಿಲ್ಲ. “ಯಾವ ಕಾಲು ಗಿಡ್ಡ ಐತಿ ನೋಡಪಾ” ಎಂದರು. ಹುಡುಗ ಎತ್ತನ್ನು ತಿರುವಿ ಹಾಕಿ, ನಾಲ್ಕೂ ಕಾಲುಗಳನ್ನು ಬೆರಳಿನಿಂದ ಅಳೆದು, ಒಂದಕ್ಕೆ ಮಣ್ಣು ಹಚ್ಚಿದ. ಅಳತೆ, ಹೋಲಿಕೆ, ಮಾತು, ಬೆರಳಿನ ಹಿಡಿತ ಎಲ್ಲವೂ ಅಲ್ಲಿದ್ದವು. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳು ಹುಟ್ಟಿನಲ್ಲಿ ಮೆದುವಾಗಿದ್ದು, ವರ್ಷಗಳಗುಂಟ ಒಂದೊಂದಾಗಿ ಗಟ್ಟಿಯಾಗುವಂಥವು. ಮೂರು ವರ್ಷದ ಮಗುವಿನ ಕೈಗೆ ನಾಲ್ಕು ಗೆರೆಯ ಪಟ್ಟಿ ಕೊಟ್ಟು ಪುಟಗಟ್ಟಲೆ ಬರೆಸುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಬೇಗ ಅಕ್ಷರ ಕಲಿತರೆ ಮುಂದೆ ಓದಿನಲ್ಲಿ ಮುಂದಿರುತ್ತಾರಲ್ಲವೇ ಎಂಬ ಮರುಪ್ರಶ್ನೆಯೂ ಬರುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಾಲಾಪೂರ್ವ ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಡ ಕುಟುಂಬಗಳ 123 ಮಕ್ಕಳಲ್ಲಿ ಕೆಲವರಿಗೆ ಮಾತ್ರ ಶಾಲಾಪೂರ್ವ ಶಿಕ್ಷಣ ಕೊಟ್ಟು, ವಾರಕ್ಕೊಮ್ಮೆ ಶಿಕ್ಷಕಿ ಅವರ ಮನೆಗೂ ಹೋಗಿ, ಆಮೇಲೆ ಎರಡೂ ಗುಂಪುಗಳನ್ನು ದಶಕಗಳ ಕಾಲ ಗಮನಿಸಲಾಯಿತು. ಬುದ್ಧಿಮಾಪನದಲ್ಲಿ ಕಂಡ ಮೊದಲಿನ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ನಲವತ್ತರ ವಯಸ್ಸಿಗೆ ಬಂದಾಗ ಶಾಲಾಪೂರ್ವ ಶಿಕ್ಷಣ ಪಡೆದಿದ್ದವರ ಗಳಿಕೆ ಹೆಚ್ಚಿತ್ತು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ ಇದ್ದರು. ಚಿಕ್ಕಂದಿನಲ್ಲಿ ತಾವೇ ಕೆಲಸ ಗೊತ್ತುಮಾಡಿಕೊಂಡು, ಮಾಡಿ, ಮಾಡಿದ್ದನ್ನು ಹೇಳುವ ರೂಢಿ ಅಲ್ಲಿ ಬೆಳೆಸಿದ್ದರು. ಉಳಿದುಕೊಂಡದ್ದು ಅದೇ ಎಂದು ನಾನು ತಿಳಿದಿದ್ದೇನೆ.

ಇನ್ನು ತಾಯಂದಿರ ದೂರಿನಲ್ಲಿ ನ್ಯಾಯವಾದ ಪಾಲೂ ಇದೆ. ಅಂಗನವಾಡಿಗೆ ವಹಿಸಿದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ತೂಕ, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಇವೆಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಮಕ್ಕಳು ತಮ್ಮ ಪಾಡಿಗೆ ತಾವು ಕುಳಿತಿದ್ದರೆ ಅದನ್ನು ಆಟದ ಮೂಲಕ ಕಲಿಕೆ ಎಂದು ಕರೆಯಲಾಗದು, ಫ್ರೋಬೆಲ್‌ನ ಹೆಸರು ಹೇಳಿ ಸಮರ್ಥಿಸಲೂ ಆಗದು.

ಆದ್ದರಿಂದ ಅಂಗನವಾಡಿಯೇ ಇರಲಿ, ಖಾಸಗಿ ಎಲ್‌ಕೆಜಿಯೇ ಇರಲಿ, ಪಟ್ಟಿಯಲ್ಲಿ ಎಷ್ಟು ಪುಟ ತುಂಬಿವೆ ಎಂದು ನೋಡುವ ಬದಲು ಒಂದು ದಿನ ಅರ್ಧ ತಾಸು ಬಾಗಿಲ ಬಳಿ ಕುಳಿತು ನೋಡಿರಿ ಎಂದು ತಾಯಂದಿರಿಗೆ ಹೇಳುತ್ತೇನೆ. ಮುಟ್ಟಲು, ಸುರಿಯಲು, ಜೋಡಿಸಲು ಸಾಮಾನುಗಳು ಮಕ್ಕಳ ಕೈಗೆ ಎಟಕುತ್ತವೆಯೇ, ಬೀರುವಿನಲ್ಲಿ ಬೀಗ ಹಾಕಿವೆಯೇ? ಮಗು ಹೇಳಿದ್ದಕ್ಕೆ ಅಕ್ಕಾವರು ಮರುಮಾತು ಆಡುತ್ತಾರೆಯೇ? ದಿನಕ್ಕೊಂದು ಕಥೆ, ಒಂದು ಹಾಡು ಇದೆಯೇ? ಇವಿಷ್ಟಿದ್ದು, ಮಗು ತಾನಾಗಿಯೇ “ನನ್ನ ಹೆಸರು ಬರದ ತೋರಸ್ರಿ” ಎಂದು ಕೇಳಿದ ದಿನ ಧಾರಾಳವಾಗಿ ಬರೆದು ತೋರಿಸಬಹುದು. ಅಂಗನವಾಡಿಯಲ್ಲಿ ಇವು ಇಲ್ಲದಿದ್ದರೆ ಅದರ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಆ ಸಮಿತಿಯಲ್ಲಿ ತಾಯಂದಿರೂ ಇರುತ್ತಾರೆ.