ಮತಗಾಲ್ಪದಲ್ಲಿ ಒಂಟಿ ಚಕ್ರದ ಸೈಕಲ್

ಮಧ್ಯ ಅಮೆರಿಕದ ನಿಕರಾಗುವ ದೇಶದ ರಾಜಧಾನಿ ಮನಾಗುವಾದಿಂದ ಬೆಟ್ಟದ ಊರು ಮತಗಾಲ್ಪಕ್ಕೆ ಹೊರಟ ಬಸ್ಸು ಅಮೆರಿಕದ ಯಾವುದೋ ಶಾಲೆ ಬಳಸಿ ಬಿಟ್ಟದ್ದು. ಸೀಟುಗಳು ಮಕ್ಕಳ ಅಳತೆಯವು. ದಾರಿಯುದ್ದಕ್ಕೂ ಮಂಡಿ ಮುಂದಿನ ಸೀಟಿಗೆ ಒತ್ತುತ್ತಿತ್ತು. 2017ರ ಜನವರಿ, ಕಾಫಿ ಕೊಯ್ಲಿನ ಕಾಲ. ಬೆಟ್ಟ ಏರಿದಂತೆ ಗಾಳಿ ತಣ್ಣಗಾಗಿ, ನೆರಳು ಮರಗಳ ಕೆಳಗೆ ಅರೇಬಿಕಾ ಗಿಡಗಳು ಕಾಣಿಸಿಕೊಂಡವು. ಕೊಪ್ಪದ ತೋಟದಲ್ಲಿ ಬೆಳೆದ ನನಗೆ ಸೊಂಟಕ್ಕೆ ಕಟ್ಟಿಕೊಂಡ ಬುಟ್ಟಿಯೊಂದೇ ಹೊಸದು.

1979ರ ಜುಲೈನಲ್ಲಿ ಎಡಪಂಥೀಯ ಕ್ರಾಂತಿಕಾರಿಗಳಾದ ಸ್ಯಾಂಡಿನಿಸ್ಟರು ಸೊಮೋಸಾ ಮನೆತನದ ಆಳ್ವಿಕೆಯನ್ನು ಕೊನೆಗಾಣಿಸಿದ ಮೇಲೆ, ಅವರ ವಿರುದ್ಧ ಅಮೆರಿಕದ ರೇಗನ್ ಸರ್ಕಾರದ ನೆರವಿನಿಂದ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರ ಪಡೆಗಳು ಕೊಯ್ಲಿನವರ ಮೇಲೂ ದಾಳಿ ನಡೆಸಿದವು. ಆಳುಗಳು ಯುದ್ಧಕ್ಕೆ ಹೋಗಿದ್ದರು. ದೇಶಕ್ಕೆ ಡಾಲರ್ ತರುವ ಹಣ್ಣು ಗಿಡದಲ್ಲೇ ಒಣಗುವಂತಾದಾಗ ಅಮೆರಿಕ, ಯುರೋಪಿನಿಂದ ಸಾವಿರಾರು ಮಂದಿ ಬಂದು ಕೊಯ್ದರು. ಅವರಲ್ಲಿ ಹೆಚ್ಚಿನವರು ಹಿಂದೆಂದೂ ಕಾಫಿ ಗಿಡ ಮುಟ್ಟಿದವರಲ್ಲ. ಕಾಯಿಯನ್ನೂ ಕಿತ್ತಿರುತ್ತಾರೆ, ಗಿಡದ ರೆಂಬೆಯನ್ನೂ ಮುರಿದಿರುತ್ತಾರೆ. ಆದರೂ ತಮ್ಮದೇ ತೆರಿಗೆ ಹಣದ ಗುಂಡು ಹಾರುವ ಕಡೆ ಹೋಗಿ ನಿಂತವರನ್ನು ನಾನು ಗೌರವಿಸುತ್ತೇನೆ.

ನಾನು ತಂಗಿದ್ದ ಮನೆಯಲ್ಲಿದ್ದ ಅಮೆರಿಕದ ವೃದ್ಧೆಯೊಬ್ಬರು 1985ರಲ್ಲಿ ಹಾಗೆ ಬಂದವರು. ಮರುದಿನ ಬೆಳಿಗ್ಗೆ ಅವರೇ ನನ್ನನ್ನು ಸ್ಮಶಾನಕ್ಕೆ ಕರೆದೊಯ್ದರು. ಬೆನ್ ಲಿಂಡರ್ ಸಮಾಧಿಯ ಕಲ್ಲಿನಲ್ಲಿ ಒಂಟಿ ಚಕ್ರದ ಸೈಕಲ್ ಕೆತ್ತಿದ್ದಾರೆ.

ಲಿಂಡರ್ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಎಂಜಿನಿಯರ್. ಎಲ್ ಕುವಾ ಎಂಬ ಹಳ್ಳಿಯಲ್ಲಿ ತೊರೆಯ ನೀರಿನಿಂದ ನಡೆಯುವ ಸಣ್ಣ ವಿದ್ಯುತ್ ಘಟಕಕ್ಕಾಗಿ ದುಡಿದ. ಲಸಿಕೆಯ ದಿನ ಕೋಡಂಗಿ ವೇಷ ಹಾಕಿ, ಆ ಸೈಕಲ್ ಏರಿ ಮಕ್ಕಳನ್ನು ಸೇರಿಸುತ್ತಿದ್ದ. 1987ರ ಏಪ್ರಿಲ್ 28ರಂದು ಬೊಕಾಯ್ ಬಳಿ ಮುಂದಿನ ಘಟಕಕ್ಕಾಗಿ ತೊರೆಯ ನೀರು ಅಳೆಯಲು ಹೋದಾಗ ಕಾಂಟ್ರಾಗಳು ಅವನನ್ನು ಕೊಂದರು. ಅವನಿಗೆ 27 ವರ್ಷ. ಜೊತೆಗಿದ್ದ ನಿಕರಾಗುವದ ಇಬ್ಬರೂ ಸತ್ತರು. ಸೆರ್ಜಿಯೊ ಹೆರ್ನಾಂಡಿಸ್, ಪಾಬ್ಲೊ ರೊಸಾಲೆಸ್ ಎಂಬ ಆ ಹೆಸರುಗಳನ್ನು ಹೊರಗಿನವರು ಬೇಗ ಮರೆಯುತ್ತಾರೆ. ನನಗೆ ಅದು ನೋವಿನ ಸಂಗತಿ.

"ಅವನು ನಮ್ಮ ಹಾಗೆ ಕೆಲವು ವಾರಗಳಿಗೆ ಬಂದವನಲ್ಲ" ಎಂದರು ಆಕೆ, ಕಲ್ಲಿನ ಮೇಲಿನ ಎಲೆಗಳನ್ನು ಕೈಯಿಂದ ಸರಿಸುತ್ತ. ಬೊಕಾಯ್ ಘಟಕವನ್ನು ಅವನ ಗೆಳೆಯರು 1994ರಲ್ಲಿ ಮುಗಿಸಿದರು. ಆ ವೇಳೆಗೆ ಸ್ಯಾಂಡಿನಿಸ್ಟರು ಚುನಾವಣೆಯಲ್ಲಿ ಸೋತು ನಾಲ್ಕು ವರ್ಷವಾಗಿತ್ತು.

ಲಿಂಡರ್ ಅಂತ್ಯಕ್ರಿಯೆಯಲ್ಲಿ ಭಾಷಣ ಮಾಡಿದವರು ಆಗಿನ ಅಧ್ಯಕ್ಷ, ಸ್ಯಾಂಡಿನಿಸ್ಟರ ನಾಯಕ ಡೇನಿಯಲ್ ಒರ್ಟೆಗಾ. ನಾನು ಊರಿಗೆ ಮರಳಿದ ಮರುವರ್ಷ, 2018ರ ಏಪ್ರಿಲ್‌ನಲ್ಲಿ ಬೀದಿಗಿಳಿದ ಜನರನ್ನು, ಮತ್ತೆ ಅಧಿಕಾರಕ್ಕೆ ಬಂದಿದ್ದ ಅದೇ ಒರ್ಟೆಗಾ ಸರ್ಕಾರ ಹತ್ತಿಕ್ಕಿತು. ಆ ತಿಂಗಳುಗಳಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಸ್ಯಾಂಡಿನಿಸ್ಟರ ಹಳೆಯ ವಿದೇಶಿ ಬೆಂಬಲಿಗರು ಇಬ್ಭಾಗವಾದರು. ಕೆಲವರು ಇದೂ ಅಮೆರಿಕದ ಸಂಚು ಎಂದರು.

ನೀವು ಯಾರ ಪರ ಎಂದು ಆಕೆಗೆ ಬರೆದು ಕೇಳಿದೆ. ಮೂರೇ ಸಾಲಿನ ಉತ್ತರ ಬಂತು. 1985ರಲ್ಲಿ ತಮಗೆ ಊಟ ಹಾಕಿದ ಮನೆಯ ಮೊಮ್ಮಗ ಜೈಲಿನಲ್ಲಿದ್ದಾನೆ, ಕೊಯ್ಲಿಗೆ ಬಂದಿದ್ದ ಹಳೆಯ ಗೆಳೆಯರಿಂದ ವಕೀಲರ ಖರ್ಚಿಗೆ ಹಣ ಸೇರಿಸುತ್ತಿದ್ದೇನೆ ಎಂದಿದ್ದರು.