ಕಲಾ ಕಾಲೇಜಿನ ಸಾಧನೆ ಏನು ಎಂದು ಕೇಳುವವರಿಗೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಈಗ ಬೇರೊಂದು ಕಲಾ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನನಗೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ದಾಖಲಾತಿಯ ದಿನಗಳಲ್ಲಿ ಎದುರಾಗುವುದು ಒಂದೇ ಪ್ರಶ್ನೆ: "ಬಿ.ಎ. ಕಾಲೇಜಿನಲ್ಲಿ ಮೇಷ್ಟರಾಗಲಿ ಮಕ್ಕಳಾಗಲಿ ಸಾಧಿಸುವುದಾದರೂ ಏನು ಸಾರ್?" ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಈ ಪ್ರಶ್ನೆ ಕೇಳುವವರು ತೀರ್ಪನ್ನು ಮೊದಲೇ ಬರೆದುಕೊಂಡು ಬಂದಿರುತ್ತಾರೆ. ಇತಿಹಾಸ ಓದಬೇಕೆಂದು ಬಂದಿದ್ದ ಹುಡುಗಿಯೊಬ್ಬಳ ಎದುರಿನಲ್ಲೇ ಆಕೆಯ ತಂದೆ ನನ್ನನ್ನು ಹೀಗೆ ಕೇಳಿದಾಗ ಅವಳು ಅರ್ಜಿಯನ್ನು ಮಡಿಚಿ ಚೀಲದೊಳಗೆ ಇಟ್ಟುಕೊಂಡಳು. ಕೆಲಸ ಸಿಗುತ್ತದೆಯೇ ಎಂದು ಕೇಳುವ ಹಕ್ಕು ಫೀಸು ಕಟ್ಟುವವರಿಗೆ ಖಂಡಿತ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಗಳು ಓದಬಯಸಿದ್ದು ಕೆಲಸಕ್ಕೆ ಬಾರದ್ದೆಂದು ಅವಳೆದುರೇ ಪರರ ಬಾಯಿಂದ ಹೇಳಿಸಲು ಹೊರಟದ್ದು ಅನ್ಯಾಯ.

ಇನ್ನು ಉತ್ತರ. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರು ವರ್ಷಾನುಗಟ್ಟಲೆ ಮಾಡಿದ ಉಪನ್ಯಾಸಗಳೇ 1932ರಲ್ಲಿ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಎಂಬ ಗ್ರಂಥಕ್ಕೆ ತಳಹದಿಯಾದವು. ಭಾರತೀಯ ತತ್ತ್ವಶಾಸ್ತ್ರ ಓದುವವರು ಇಂದಿಗೂ ಅದನ್ನು ಬಿಡುವಂತಿಲ್ಲ. ಇಂದಿನ ವಾರ್ಷಿಕ ವರದಿಯಲ್ಲಾದರೆ ಅದು ಅಧ್ಯಾಪಕರ ಪ್ರಕಟಣೆಯ ಕಾಲಮ್ಮಿಗೆ ಹೋಗುತ್ತದೆ. ಎದುರಿಗೆ ಕುಳಿತು ಆ ಪಾಠಗಳನ್ನು ಕೇಳಿದ ವಿದ್ಯಾರ್ಥಿಗಳಿಗೆ ಯಾವ ಕಾಲಮ್ಮೂ ಇಲ್ಲ. ಕುವೆಂಪು ಅಲ್ಲಿಯೇ ಓದಿ, 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು. 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅವರು ಅರ್ಪಿಸಿದ್ದು, 1939ರಲ್ಲೇ ತೀರಿಹೋಗಿದ್ದ ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಇದನ್ನು ವಿದ್ಯಾರ್ಥಿಯ ಸಾಧನೆ ಎನ್ನಬೇಕೋ, ಅಧ್ಯಾಪಕರದ್ದು ಎನ್ನಬೇಕೋ? ನನ್ನ ಪ್ರಕಾರ ಕಲಾ ಕಾಲೇಜಿನಲ್ಲಿ ಇವೆರಡೂ ಬೇರೆಯಲ್ಲ, ಮತ್ತು ಅದು ಕೈಗೂಡಲು ದಶಕಗಳೇ ಬೇಕಾಗಬಹುದು.

ರ‍್ಯಾಂಕ್ ಪಟ್ಟಿಯನ್ನೇ ನಂಬುವವರು ಆರ್.ಕೆ. ನಾರಾಯಣ್ ಅವರನ್ನೂ ನೆನೆಯಬೇಕು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ನಪಾಸಾಗಿದ್ದ ಅವರು 1930ರಲ್ಲಿ ಇದೇ ಕಾಲೇಜಿನಿಂದ ಪದವಿ ಪಡೆದು, 1935ರಲ್ಲಿ ಮೊದಲ ಕಾದಂಬರಿಯನ್ನು ಪ್ರಕಟಿಸಿದರು.

ಇವರೆಲ್ಲ ದೊಡ್ಡವರು, ಅದೂ ಹಳೆಯ ಕಾಲದವರು ಎಂದು ನೀವು ಹೇಳುವುದು ನನಗೆ ಗೊತ್ತು. ಪ್ರತಿ ತರಗತಿಯಲ್ಲೂ ಒಬ್ಬ ಕುವೆಂಪು ಇರುವುದಿಲ್ಲ ಎಂಬುದು ನಿಜ. ಹಾಗಿದ್ದರೆ ಅಂಥ ವಿದ್ಯಾರ್ಥಿ ಬಂದಾಗ ಎದುರಿಗೆ ಒಬ್ಬ ವೆಂಕಣ್ಣಯ್ಯ ಇರುತ್ತಾರೆಯೇ ಎಂದಾದರೂ ಕೇಳಿ. ನನ್ನನ್ನು ಇದುವರೆಗೆ ಯಾರೂ ಹಾಗೆ ಕೇಳಿಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆಯನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂಬುದೇ ಖಚಿತವಿಲ್ಲದ ಅಧ್ಯಾಪಕರು ಒಂದೇ ವಿಷಯವನ್ನು ವರ್ಷಾನುಗಟ್ಟಲೆ ಕಲಿಸಿ, ತಿದ್ದಿ, ಗ್ರಂಥವಾಗಿಸುವುದು ಹೇಗೆ? ಬಡ ಹುಡುಗನ ಮೊದಲ ಪದ್ಯವನ್ನೋ ಪ್ರಬಂಧವನ್ನೋ ಮೂರು ವರ್ಷ ಹಿಂಬಾಲಿಸುವುದು ಹೇಗೆ?

ಆದ್ದರಿಂದ ಮಗಳನ್ನು ಸೇರಿಸುವ ಮೊದಲು ಆ ವಿಭಾಗದಲ್ಲಿ ಎಷ್ಟು ಕಾಯಂ ಅಧ್ಯಾಪಕರಿದ್ದಾರೆ, ಗ್ರಂಥಾಲಯದಿಂದ ಮಕ್ಕಳು ಪುಸ್ತಕ ಒಯ್ಯುತ್ತಾರೆಯೇ, ಅವರು ಬರೆದದ್ದನ್ನು ಯಾರಾದರೂ ಓದಿ ತಿದ್ದುತ್ತಾರೆಯೇ ಎಂದು ಪ್ರಾಂಶುಪಾಲರನ್ನು ಕೇಳಿ. ಹುದ್ದೆಗಳು ಏಕೆ ಖಾಲಿ ಇವೆ ಎಂದು ನಿಮ್ಮ ಶಾಸಕರನ್ನು ಕೇಳಿ. ನನ್ನನ್ನೇ ಕೇಳಿದರೂ ಸರಿ, ನಮ್ಮ ಕಾಲೇಜಿನ ಮಟ್ಟಿಗೆ ವಿಭಾಗವಾರು ಉತ್ತರ ಕೊಡುತ್ತೇನೆ.